ಕುಡಿತ ಬಿಟ್ಟ ಮೂರನೇ ರಾತ್ರಿ ಗೋಡೆ ಮೇಲೆ ಹುಳ ಕಂಡವು: ಇದು ಗಾಳಿ ಸೋಕಿದ್ದೆ?

ಪ್ರಶ್ನೆ: ನನ್ನ ಯಜಮಾನರಿಗೆ 46 ವರ್ಷ. ಹದಿನೈದು ವರ್ಷದಿಂದ ಕುಡಿಯುತ್ತಾರೆ, ಈಚೆಗೆ ದಿನಕ್ಕೆ ಎರಡು ಕ್ವಾರ್ಟರ್. ಬೆಳಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೇಕೇ ಬೇಕು, ಇಲ್ಲದಿದ್ದರೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತದೆ. ಹೋದ ತಿಂಗಳು ಮನೆದೇವರ ಮುಂದೆ ಆಣೆ ಮಾಡಿ ಪೂರ್ತಿ ಬಿಟ್ಟರು. ಮರುದಿನ ಮೈಯೆಲ್ಲ ಬೆವರು, ವಾಂತಿ. ಎರಡನೇ ದಿನ ಒಂದು ಸಲ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆ ತುಂಬ ಹುಳ ಹರಿದಾಡುತ್ತಿವೆ ಎಂದು ಕೂಗಾಡಿದರು, ನನ್ನನ್ನೇ ಗುರುತು ಹಿಡಿಯಲಿಲ್ಲ. ಗಾಳಿ ಸೋಕಿದೆ ಎಂದು ಯಾರೋ ತಾಯಿತ ಕಟ್ಟಿಸಿದರು. ಕೊನೆಗೆ ನನ್ನ ಮೈದುನ ಒಂದು ಕ್ವಾರ್ಟರ್ ತಂದು ಕುಡಿಸಿದ, ಸುಮ್ಮನಾದರು. ಈಗ ಮತ್ತೆ ಮೊದಲಿನಂತೆಯೇ ಕುಡಿಯುತ್ತಿದ್ದಾರೆ. ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಸಿಗುತ್ತದೆ, ತಿಂಗಳೊಳಗೆ ಬಿಡುತ್ತಾರೆ ಎನ್ನುತ್ತಾರೆ. ಹಾಕಬಹುದೆ? ರಿಹ್ಯಾಬ್‌ಗೆ ಸೇರಿಸುವುದೇ ಒಳ್ಳೆಯದೆ?
(ಹಾಸನ ಜಿಲ್ಲೆಯ ಓದುಗರು)

ಉತ್ತರ:

ಪುಡಿ ಹಾಕಬೇಡಿ. ಅವರು ಇನ್ನೊಮ್ಮೆ ಮನೆಯಲ್ಲೇ ದಿಢೀರನೆ ಬಿಡುತ್ತೇನೆಂದು ಹೊರಟರೆ ಅದಕ್ಕೂ ಒಪ್ಪಬೇಡಿ. ಕುಡಿತ ಬಿಡಿಸಲು ಹೆಣಗುತ್ತಿರುವ ಮನೆಯವರಿಗೆ ಈ ಎರಡನೇ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ನಿಮ್ಮ ಯಜಮಾನರಿಗೆ ಆ ಮೂರು ದಿನ ಆದದ್ದು ಗಾಳಿಯೂ ಅಲ್ಲ, ಆಣೆಯ ದೋಷವೂ ಅಲ್ಲ. ಬೆವರು, ವಾಂತಿ, ಆಮೇಲೆ ಫಿಟ್ಸ್, ಆಮೇಲೆ ಹುಳ ಕಾಣುವುದು, ಕಟ್ಟಿಕೊಂಡ ಹೆಂಡತಿಯ ಗುರುತೇ ತಪ್ಪುವುದು: ಇವು ಬಂದ ಕ್ರಮವೂ ಗಂಟೆಯೂ ವೈದ್ಯಕೀಯ ಪುಸ್ತಕದಲ್ಲಿ ಬರೆದಿಟ್ಟ ಹಾಗೇ ಇವೆ. ಕೊನೆಯ ಹಂತಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರು, ಆಸ್ಪತ್ರೆಯಲ್ಲಿ ಚಿಕ್ಕದಾಗಿ ಡಿಟಿ ಎನ್ನುತ್ತಾರೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಡಿಟಿ ಬಂದವರಲ್ಲಿ ನೂರಕ್ಕೆ 35ರವರೆಗೂ ಸಾಯುತ್ತಿದ್ದರು. ಸಮಯಕ್ಕೆ ಆಸ್ಪತ್ರೆ ಸೇರಿದರೆ ಈಗ ಅದು 5ಕ್ಕಿಂತ ಕಡಿಮೆ. ಬಿಡುವುದು ಖಂಡಿತ ಸಾಧ್ಯ, ಬಿಡಲೇಬೇಕು. ಮೊದಲ ಐದಾರು ದಿನ ಮಾತ್ರ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯಬೇಕು.

ಅವರ ದೇಹಕ್ಕೆ ಎಷ್ಟು ಹೋಗುತ್ತಿದೆ ಎಂಬ ಲೆಕ್ಕ ಮೊದಲು ನೋಡೋಣ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಆಲ್ಕೋಹಾಲ್ ಶೇ 42.8. ಒಂದು ಕ್ವಾರ್ಟರ್ ಅಂದರೆ 180 ಎಂಎಲ್, ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ಎರಡು ಕ್ವಾರ್ಟರಿಗೆ 120 ಗ್ರಾಂ. ಯಕೃತ್ತು (ಲಿವರ್) ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ, ನಿಂಬೆರಸ ಕುಡಿಸಿದರೂ ತಲೆಗೆ ತಣ್ಣೀರು ಸುರಿದರೂ ಅದರ ವೇಗ ಹೆಚ್ಚುವುದಿಲ್ಲ. ಅಂದರೆ 120 ಗ್ರಾಂ ಕರಗಲು 12ರಿಂದ 17 ಗಂಟೆ ಬೇಕು. ಹೀಗೆ ದಿನವೂ ಕುಡಿಯುವವರ ರಕ್ತದಲ್ಲಿ ಆಲ್ಕೋಹಾಲ್ ಇಲ್ಲದ ಹೊತ್ತು ತೀರಾ ಕಡಿಮೆ. ಬೆಳಗಿನ ನಡುಕ ಬರುವುದು ರಾತ್ರಿಯದು ಇಳಿಯುತ್ತಿರುವಾಗ. ಆ ನೈಂಟಿಯನ್ನು ಅವರು ಮಜಕ್ಕೆ ಕುಡಿಯುತ್ತಿಲ್ಲ, ನಡುಕ ನಿಲ್ಲಿಸಲು ಕುಡಿಯುತ್ತಿದ್ದಾರೆ. ಕುಡಿತ ಅಭ್ಯಾಸದ ಗೆರೆ ದಾಟಿ ಅವಲಂಬನೆಯ ರೋಗವಾಗಿದೆ ಎಂದು ತಿಳಿಯಲು ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಬೆಳಗಿನ ಪೆಗ್ಗಿನದೂ ಒಂದು. ಬಿಯರ್ ಕುಡಿಯುವವರು ಇದರಿಂದ ಹೊರಗಿದ್ದೇವೆ ಎಂದುಕೊಳ್ಳುವುದು ಬೇಡ. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ. ಮೂರು ಬಾಟಲಿ ಎಂದರೆ ನಿಮ್ಮ ಯಜಮಾನರ ಎರಡು ಕ್ವಾರ್ಟರಿಗೆ ಸಮ.

ತಲೆಯೊಳಗೆ ಆಗುವುದು ಇಷ್ಟು. ಮಿದುಳಿನಲ್ಲಿ ಶಾಂತಗೊಳಿಸುವ ರಾಸಾಯನಿಕ ಒಂದು, ಗಾಬಾ. ಕೆರಳಿಸುವುದು ಇನ್ನೊಂದು, ಗ್ಲುಟಮೇಟ್. ಆಲ್ಕೋಹಾಲ್ ಮೊದಲನೆಯದರ ಕೆಲಸಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮಿದುಳು ತನ್ನ ಸ್ವಂತ ಗಾಬಾ ವ್ಯವಸ್ಥೆಯನ್ನು ಸಡಿಲಿಸಿ, ಕೆರಳಿಸುವ ಕಡೆಯನ್ನು ಬಲಪಡಿಸಿಕೊಂಡು ಹೇಗೋ ಸಮ ಮಾಡಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಒಮ್ಮೆಲೇ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಏನಾಗುತ್ತಾರೋ, ಆಲ್ಕೋಹಾಲ್ ನಿಂತ ದಿನ ಮಿದುಳಿಗೂ ಅದೇ ಗತಿ. ನಡುಕ, ಬೆವರು, ಏರಿದ ಬಿಪಿ, ಓಡುವ ನಾಡಿ, ನಿದ್ದೆಗೇಡು, ಫಿಟ್ಸ್ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಮನೋಬಲ ಎಷ್ಟಿದ್ದರೂ ಇದನ್ನು ತಡೆಯಲಾಗದು. ‘ಅಯ್ಯಪ್ಪನ ಮಾಲೆ ಹಾಕಿದಾಗ 48 ದಿನ ಬಿಡುತ್ತಾನೆ, ಉಳಿದಾಗ ಯಾಕೆ ಬಿಡಲ್ಲ’ ಎಂದು ಬೈಯುವ ಮನೆಗಳು ಬಹಳ. ಅವಲಂಬನೆ ಈ ಮಟ್ಟ ಮುಟ್ಟುವ ಮೊದಲು ಮಾಲೆ ಹಾಕಿ ಬಿಟ್ಟವರಿಗೆ ಏನೂ ಆಗದಿರಬಹುದು. ಹತ್ತು ವರ್ಷದ ನಂತರ ಅದೇ ಮನುಷ್ಯ ಅದೇ ಮಾಲೆ ಹಾಕಿದರೆ ಎರಡನೇ ದಿನವೇ ಫಿಟ್ಸ್ ಬರಬಹುದು. ಮತದಾನಕ್ಕೆ ಮುಂಚಿನ 48 ಗಂಟೆ ಬಾರ್ ಮುಚ್ಚಿದಾಗ, 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ಮುಚ್ಚಿದ್ದಾಗ ಕೂಡ ಇದೇ ಕಾರಣಕ್ಕೆ ಜನ ಆಸ್ಪತ್ರೆ ಸೇರಿದರು.

ಗಂಟೆಗಳ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಣಿಕೆ ಶುರುವಾಗುವುದು ಕೊನೆಯ ಗುಟುಕಿನಿಂದ.

6ರಿಂದ 12 ಗಂಟೆ: ಕೈ ನಡುಕ, ಬೆವರು, ವಾಕರಿಕೆ, ಗಾಬರಿ, ತಲೆನೋವು.
12ರಿಂದ 24 ಗಂಟೆ: ಕೆಲವರಿಗೆ ಯಾರೋ ಕರೆದಂತೆ, ಏನೋ ಓಡಾಡಿದಂತೆ ಭ್ರಮೆ. ಆದರೆ ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದು ಗೊತ್ತಿರುತ್ತದೆ.
6ರಿಂದ 48 ಗಂಟೆ: ಫಿಟ್ಸ್ ಬರಬಹುದಾದ ಹೊತ್ತು. ಒಂದು ಬಂದರೆ ಕೆಲವೇ ಗಂಟೆಯಲ್ಲಿ ಇನ್ನೊಂದು ಬರುವ ಸಾಧ್ಯತೆ ಹೆಚ್ಚು.
48ರಿಂದ 96 ಗಂಟೆ: ಡಿಟಿ. ದಿಕ್ಕು ತಪ್ಪುವುದು, ಹುಳ, ಹಾವು, ಇಲಿ ಕಾಣುವುದು, ಜ್ವರ, ವಿಪರೀತ ಬೆವರು, ಇಲ್ಲದ ಕೆಲಸ ಮಾಡುವಂತೆ ಗಾಳಿಯಲ್ಲಿ ಕೈಯಾಡಿಸುವುದು. ಮೂರರಿಂದ ಐದು ದಿನ ಇರುತ್ತದೆ, ರಾತ್ರಿ ಜೋರು.

ಎರಡನೇ ಸಾಲಿಗೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಭ್ರಮೆ ಇದ್ದೂ ನಿಮ್ಮ ಗುರುತು ಹಿಡಿದರೆ ಒಂದು ಕತೆ, ಗುರುತೇ ತಪ್ಪಿದರೆ ಅದು ತುರ್ತು ಸ್ಥಿತಿ.

ಒಮ್ಮೆ ಫಿಟ್ಸ್ ಅಥವಾ ಡಿಟಿ ಬಂದವರಿಗೆ ಮುಂದಿನ ಸಲ ಬಿಡುವಾಗ ಅದು ಮತ್ತೆ ಬರುವ ಸಾಧ್ಯತೆ ಜಾಸ್ತಿ, ಬಂದರೆ ಹಿಂದಿನದಕ್ಕಿಂತ ಜೋರು. ಪ್ರತಿ ಸಲ ಬಿಟ್ಟು ಹಿಡಿದಾಗಲೂ ಮಿದುಳು ಇನ್ನಷ್ಟು ಸುಲಭವಾಗಿ ಕೆರಳುವಂತಾಗುತ್ತದೆ. ಈ ಕಾರಣಕ್ಕೇ ನಿಮ್ಮ ಯಜಮಾನರ ವಿಷಯದಲ್ಲಿ ಮನೆಯಲ್ಲಿ ಬಿಡಿಸುವ ಯೋಚನೆ ಬೇಡ ಎನ್ನುತ್ತಿರುವುದು. ದಿನಕ್ಕೆ ಒಂದು ಕ್ವಾರ್ಟರಿನೊಳಗೆ ಕುಡಿಯುವ, ಫಿಟ್ಸ್ ಬಂದಿರದ, ಬೇರೆ ಕಾಯಿಲೆ ಇಲ್ಲದ, ಪಕ್ಕದಲ್ಲಿ ಒಬ್ಬರು ಇರುವಂಥವರಿಗೆ ವೈದ್ಯರು ಮಾತ್ರೆ ಬರೆದುಕೊಟ್ಟು ಮನೆಯಲ್ಲೇ ಬಿಡಿಸುವುದುಂಟು.

ಆಸ್ಪತ್ರೆ ಸೇರುವ ದಿನದವರೆಗೆ ಏನು ಮಾಡಬೇಕು? ಒಮ್ಮೆಲೇ ನಿಲ್ಲಿಸಬೇಡಿ, ಹೆಚ್ಚಿಸಲೂ ಬಿಡಬೇಡಿ. ಕುಡಿಯುವ ಮೊದಲು ಊಟ ಹಾಕಿ. ನೀರು, ಮಜ್ಜಿಗೆ, ಓಆರ್‌ಎಸ್ ಕೊಡಿ. ಮೈದುನ ಆ ರಾತ್ರಿ ಕುಡಿಸಿದ್ದನ್ನು ಯಾರೂ ಆಡಿಕೊಳ್ಳಬೇಕಾಗಿಲ್ಲ, ಗಾಬರಿಯಲ್ಲಿ ಮಾಡಿದ್ದು. ಆದರೆ ಅದನ್ನು ಮದ್ದೆಂದು ನಂಬಿ ಇನ್ನೊಮ್ಮೆ ಹಾಗೇ ಮಾಡಬೇಡಿ. ಡಿಟಿ ಪೂರ್ತಿ ಶುರುವಾದ ಮೇಲೆ ಕುಡಿಸಿದರೂ ಎಷ್ಟೋ ಸಲ ನಿಲ್ಲುವುದಿಲ್ಲ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನೇ ಸುರಿದರೂ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು.

ಮತ್ತೆ ಅಂಥ ರಾತ್ರಿ ಬಂದರೆ 108ಕ್ಕೆ ಫೋನ್ ಮಾಡಿ. ‘ಕುಡಿತ ಬಿಟ್ಟು ಮೂರನೇ ದಿನ, ಗುರುತು ಸಿಗುತ್ತಿಲ್ಲ, ಫಿಟ್ಸ್ ಬಂದಿದೆ’ ಎಂದು ಇಷ್ಟನ್ನೇ ಹೇಳಿ, ಮರ್ಯಾದೆಗೆ ಅಂಜಿ ‘ಜ್ವರ’ ಎನ್ನಬೇಡಿ. ಕೋಣೆಯಲ್ಲಿ ದೀಪ ಉರಿಯುತ್ತಿರಲಿ, ಕತ್ತಲಲ್ಲಿ ಭ್ರಮೆ ಹೆಚ್ಚು. ಮಚ್ಚು, ಕುಡುಗೋಲು, ಇಳಿಗೆಮಣೆ ಕೈಗೆ ಸಿಗದಂತೆ ತೆಗೆದಿಡಿ. ಹುಳ ಇಲ್ಲ ಎಂದು ವಾದಿಸುತ್ತ ಕೂರಬೇಡಿ, ಹೆಸರು ಹಿಡಿದು ಮಾತಾಡಿಸಿ, ನೀವು ಯಾರು, ಇದು ಯಾವ ಜಾಗ ಎಂದು ಹೇಳುತ್ತಿರಿ. ಹಗ್ಗದಲ್ಲಿ ಕಟ್ಟಿಹಾಕಿದರೆ ಒದ್ದಾಡಿ ಮೈ ಬಿಸಿಯೇರಿ ಹೃದಯಕ್ಕೆ ಇನ್ನಷ್ಟು ಭಾರ. ಫಿಟ್ಸ್ ಬಂದರೆ ಎಡಗಡೆಗೆ ಹೊರಳಿಸಿ ಮಲಗಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿ. ಕೈಗೆ ಬೀಗದ ಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ, ಅದು ತಾನೇ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ನಿಂತದ್ದಕ್ಕೆ ಕಬ್ಬಿಣಕ್ಕೆ ಹೆಸರು ಬರುತ್ತದೆ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ ಅಷ್ಟೇ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡುವುದು ಎಲ್ಲಕ್ಕಿಂತ ಅಪಾಯ. ಹೊಟ್ಟೆಯಲ್ಲಿ ಇನ್ನೂ ಮದ್ಯ ಇದ್ದರೆ ಎರಡೂ ಸೇರಿ ಉಸಿರನ್ನೇ ನಿಧಾನಗೊಳಿಸುತ್ತವೆ.

ಈಗ ಊರ ಕಡೆ ಆಗಾಗ ಆಗುವ, ಆದರೆ ಯಾರೂ ಹೇಳದ ಒಂದು ತಪ್ಪಿನ ವಿಷಯ. ಸುಸ್ತಾಗಿ ಬಿದ್ದ ಕುಡುಕನನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಗ್ಲೂಕೋಸ್ ಬಾಟಲಿ ಹಾಕಿ ಸಾರ್’ ಎನ್ನುತ್ತೇವೆ. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ದೇಹದಲ್ಲಿ ಇದರ ದಾಸ್ತಾನು ಇರುವುದೇ ಸುಮಾರು 30 ಮಿಲಿಗ್ರಾಂ, ಎರಡು ಮೂರು ವಾರಕ್ಕೆ ಸಾಲುವಷ್ಟು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಕಡಿಮೆ, ಇದ್ದದ್ದನ್ನೂ ಕರುಳು ಹೀರಿಕೊಳ್ಳದಂತೆ ಮದ್ಯ ತಡೆಯುತ್ತದೆ. ಗ್ಲೂಕೋಸನ್ನು ಶಕ್ತಿಯಾಗಿ ಬಳಸಲು ಮಿದುಳಿಗೆ ಥಯಾಮಿನ್ ಬೇಕೇ ಬೇಕು. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಅಳಿದುಳಿದ ಥಯಾಮಿನ್ ಕೂಡ ಖರ್ಚಾಗಿ ಮಿದುಳಿನ ಕೆಲವು ಭಾಗಗಳು ಗಾಯಗೊಳ್ಳುತ್ತವೆ. ಇದು ವರ್ನಿಕೆ ಎಂಬ ಸ್ಥಿತಿ. ಲಕ್ಷಣ ಮೂರು: ಗೊಂದಲ, ಕಾಲು ಅಗಲಿಸಿ ತೂರಾಡುವ ನಡಿಗೆ, ಕಣ್ಣುಗುಡ್ಡೆ ಸರಿಯಾಗಿ ಹೊರಳದೆ ಎರಡೆರಡು ಕಾಣುವುದು. ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಅಪರೂಪ. ಕುಡಿದು ತೂರಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿಯುವುದರಿಂದ ಬಹಳ ಸಲ ಗೊತ್ತೇ ಆಗುವುದಿಲ್ಲ. ಹೊತ್ತು ಮೀರಿದರೆ ಅದು ಕೊರ್ಸಕಾಫ್ ಆಗಿ ನಿಲ್ಲುತ್ತದೆ: ಹಳೆಯದೆಲ್ಲ ನೆನಪಿರುತ್ತದೆ, ಬೆಳಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ, ನೆನಪಿಲ್ಲದ ಜಾಗಕ್ಕೆ ತಾನೇ ಕಟ್ಟಿದ ಕತೆ ಹೇಳುತ್ತಾರೆ. ಅದು ಪೂರ್ತಿ ವಾಸಿಯಾಗುವುದು ಕಡಿಮೆ.

ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ ‘ಇವರು ದಿನಾ ಕುಡಿಯುತ್ತಾರೆ, ಗ್ಲೂಕೋಸಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ’ ಎಂದು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಯಾರೂ ಬೇಸರಿಸುವುದಿಲ್ಲ. ಮೊದಲ ದಿನಗಳಲ್ಲಿ ಇದು ಇಂಜೆಕ್ಷನ್ ರೂಪದಲ್ಲೇ ಹೋಗಬೇಕು, ಮಾತ್ರೆ ಸಾಲದು. ವರ್ನಿಕೆ ಅನುಮಾನ ಇದ್ದರೆ ರಕ್ತನಾಳಕ್ಕೆ 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ಕೊಡುವುದುಂಟು. ಆಮೇಲೆ 100 ಮಿಲಿಗ್ರಾಂ ಮಾತ್ರೆ ತಿಂಗಳುಗಟ್ಟಲೆ. ಈ ಮಾತ್ರೆ ಅಗ್ಗ, ಅಡ್ಡಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ.

ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ವಾರ ಹೇಗಿರುತ್ತದೆ ಎಂದರೆ: ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಎಂಬ ಮಾತ್ರೆಗಳು ಆಲ್ಕೋಹಾಲ್ ಬಿಟ್ಟುಹೋದ ಜಾಗದಲ್ಲಿ ಗಾಬಾಕ್ಕೆ ಆಸರೆ ಕೊಡುತ್ತವೆ. ಮೊದಲ ದಿನ ಹೆಚ್ಚಿನ ಡೋಸು, ದಿನಕ್ಕೆ ಸುಮಾರು ಐದನೇ ಒಂದು ಪಾಲು ಇಳಿಸುತ್ತ 5ರಿಂದ 7 ದಿನದಲ್ಲಿ ಪೂರ್ತಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಇವೆರಡೂ ಮೈಯಲ್ಲಿ ಶೇಖರವಾಗುತ್ತವೆ, ಆಗ ಲೋರಾಜೆಪಾಮ್ ಆರಿಸುತ್ತಾರೆ. ನಡುಕ, ಬೆವರು, ಗಾಬರಿ ಮುಂತಾದ ಹತ್ತು ಅಂಶಗಳಿಗೆ ಅಂಕ ಹಾಕುವ ಒಂದು ಪಟ್ಟಿ ಇದೆ, ಒಟ್ಟು 67 ಅಂಕ. ಅದನ್ನು ನೋಡುತ್ತ ಡೋಸು ಏರಿಸಿ ಇಳಿಸುತ್ತಾರೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಸಕ್ಕರೆ, ಲಿವರ್ ಪರೀಕ್ಷೆಗಳು ಜೊತೆಗೆ ನಡೆಯುತ್ತವೆ. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಮರೆಯದೆ ಹೇಳಿ. ಕುಡಿಯುವವರ ತಲೆಯೊಳಗೆ ವಾರಗಟ್ಟಲೆ ರಕ್ತ ನಿಧಾನವಾಗಿ ಒಸರಿ ಗೊಂದಲ ತರಬಹುದು, ಅದನ್ನು ಡಿಟಿ ಎಂದು ತಪ್ಪು ತಿಳಿಯದಿರಲು ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಮನೆಗೆ ಕಳಿಸಿದ ಮೇಲೆ ಈ ಮಾತ್ರೆಗಳನ್ನು ‘ನಿದ್ದೆ ಚೆನ್ನಾಗಿ ಬರುತ್ತೆ’ ಎಂದು ತಾವೇ ಕೊಂಡು ಮುಂದುವರಿಸುವುದು ಬೇಡ, ಅದು ಇನ್ನೊಂದು ಚಟವಾಗುತ್ತದೆ. ಮಾತ್ರೆ ನಡೆಯುವ ವಾರ ಬೈಕು, ಟ್ರ್ಯಾಕ್ಟರ್ ಮುಟ್ಟಬಾರದು.

ಅಂದಹಾಗೆ ಇದೇ ಸಮಸ್ಯೆ ಬೇರೆ ವೇಷದಲ್ಲೂ ಬರುತ್ತದೆ. ಕಾಲು ಮುರಿದುಕೊಂಡೋ ಹರ್ನಿಯಾ ಆಪರೇಷನ್ನಿಗೋ ಆಸ್ಪತ್ರೆ ಸೇರಿದವರು ಮೂರನೇ ದಿನ ಡ್ರಿಪ್ ಕಿತ್ತೆಸೆದು ಓಡುತ್ತಾರೆ. ಮನೆಯವರು ನಾಚಿಕೆಯಿಂದ ‘ಯಾವಾಗಲಾದರೂ ಒಮ್ಮೆ ತಗೊಳ್ತಾರೆ’ ಎಂದಿರುತ್ತಾರೆ. ಸೇರಿದ ದಿನವೇ ನಿಜವಾದ ಅಳತೆಯನ್ನೂ ಕೊನೆಯ ಪೆಗ್ಗಿನ ಹೊತ್ತನ್ನೂ ಹೇಳಿದ್ದರೆ ಮಾತ್ರೆಯಲ್ಲೇ ತಡೆಯಬಹುದಿತ್ತು.

ಇನ್ನು ಆ ಪುಡಿ. ಪೊಟ್ಟಣದ ಮೇಲೆ ಗಿಡಮೂಲಿಕೆ ಎಂದಿದ್ದರೂ ಒಳಗೆ ಏನಿದೆ ಎಂದು ತಿಳಿಯುವ ದಾರಿ ನಿಮಗಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನು ಪುಡಿ ಮಾಡಿ ಕೊಡುವುದೂ ಉಂಟು, ಅದಕ್ಕೆ ರುಚಿ ವಾಸನೆ ಹೆಚ್ಚೇನಿಲ್ಲ. 1940ರ ದಶಕದ ಕೊನೆಗೆ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ ಮದ್ದು ಇದು, ಸ್ವತಃ ಕೆಟ್ಟದ್ದೇನಲ್ಲ. ಆಲ್ಕೋಹಾಲ್ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯದ ಅಸಿಟೇಟ್ ಆಗಿ ಬದಲಾಗುತ್ತದೆ. ಡೈಸಲ್ಫಿರಾಂ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಆಮೇಲೆ ಒಂದು ಪೆಗ್ ಬಿದ್ದರೂ ಸಾಕು, ಹತ್ತಿಪ್ಪತ್ತು ನಿಮಿಷದಲ್ಲಿ ಮುಖ ಕೆಂಪೇರಿ ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿ ಕಿತ್ತುಕೊಂಡು ಬರುತ್ತದೆ, ಬಿಪಿ ಕುಸಿಯುತ್ತದೆ. ಹೆಚ್ಚು ಕುಡಿದವರಲ್ಲಿ, ಹೃದಯ ದುರ್ಬಲ ಇರುವವರಲ್ಲಿ ಪ್ರಾಣವೇ ಹೋಗಬಹುದು. ‘ಕುಡಿದರೆ ಹೀಗಾಗುತ್ತದೆ, ಆದ್ದರಿಂದ ಕುಡಿಯುವುದಿಲ್ಲ’ ಎಂದು ತಿಳಿದು, ಒಪ್ಪಿ, ದಿನಕ್ಕೆ 250 ಮಿಲಿಗ್ರಾಂ ನುಂಗುವವರಿಗೆ ಈ ಮದ್ದು ಬೇಲಿಯ ಕೆಲಸ ಮಾಡುತ್ತದೆ. ತಿಳಿಯದೆ ತಿಂದವರಿಗೆ ತಡೆಯುವ ಭಯವೇ ಇಲ್ಲವಲ್ಲ, ದಿನದಂತೆ ಎರಡು ಕ್ವಾರ್ಟರ್ ಏರಿಸುತ್ತಾರೆ. ನಿಮ್ಮ ಯಜಮಾನರ ವಿಷಯದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಪುಡಿಯ ಸಂಕಟಕ್ಕೆ ಹೆದರಿ ಅವರು ಒಮ್ಮೆಲೇ ಕುಡಿತ ನಿಲ್ಲಿಸಿದರು ಎಂದುಕೊಳ್ಳಿ. ಮೂರನೇ ದಿನ ಮತ್ತೆ ಅದೇ ಹುಳ, ಅದೇ ಫಿಟ್ಸ್. ಪುಡಿ ಕೆಲಸ ಮಾಡಿದರೂ ಅಪಾಯ, ಮಾಡದಿದ್ದರೂ ಅಪಾಯ.

ಎಂದಾದರೊಂದು ದಿನ ಸಾರಿನ ವಿಷಯ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ನೀವು ಕೊಡುವ ಯಾವ ಮಾತ್ರೆಯನ್ನೂ, ಊಟವನ್ನೂ ಅವರು ನಂಬುವುದಿಲ್ಲ. ಈಗಾಗಲೇ ಯಾರಾದರೂ ಹಾಕಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಕೊನೆಯ ಡೋಸಿನ ನಂತರವೂ ಎರಡು ವಾರದವರೆಗೆ ಅದರ ಪರಿಣಾಮ ಉಳಿದಿರುತ್ತದೆ. ಒಪ್ಪಿ ತೆಗೆದುಕೊಳ್ಳುವವರು ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪು, ಆಸವ ಅರಿಷ್ಟಗಳಿಂದಲೂ ದೂರ ಇರಬೇಕು. ದ್ರಾಕ್ಷಾರಿಷ್ಟದಲ್ಲಿ ಹುದುಗಿನಿಂದ ಬಂದ ಆಲ್ಕೋಹಾಲ್ ಇರುವುದು ಬಹಳ ಜನಕ್ಕೆ ತಿಳಿಯದು. ಲಿವರ್ ಪರೀಕ್ಷೆ ಮಾಡಿಸದೆ ಇದನ್ನು ಶುರು ಮಾಡುವಂತಿಲ್ಲ.

ಬೇಲಿ ಕಟ್ಟುವ ಮದ್ದು ಬೇಡವೆನ್ನುವವರಿಗೆ ಕುಡಿಯುವ ಆಸೆಯನ್ನೇ ತಗ್ಗಿಸುವ ಮದ್ದುಗಳಿವೆ, ನಮ್ಮ ಊರುಗಳಲ್ಲಿ ಇವುಗಳ ಹೆಸರು ಕೇಳಿದವರೇ ಕಡಿಮೆ. ನಾಲ್‌ಟ್ರೆಕ್ಸೋನ್ 50 ಮಿಲಿಗ್ರಾಂ ದಿನಕ್ಕೊಂದು: ಕುಡಿದಾಗ ಸಿಗುವ ಮಜವನ್ನು ಇದು ಮಂಕಾಗಿಸುತ್ತದೆ, ಆದ್ದರಿಂದ ಒಂದು ಪೆಗ್ ಹತ್ತಾಗುವುದು ತಪ್ಪುತ್ತದೆ. ಟ್ರಮಡಾಲ್, ಕೊಡೀನ್ ಥರದ ನೋವಿನ ಮದ್ದು ತಿನ್ನುತ್ತಿರುವವರಿಗೆ ಇದು ಆಗದು. ಅಕಾಂಪ್ರೊಸೇಟ್ 333 ಮಿಲಿಗ್ರಾಂನ ಎರಡೆರಡು ಮಾತ್ರೆ ದಿನಕ್ಕೆ ಮೂರು ಸಲ: ಬಿಟ್ಟ ನಂತರದ ಚಡಪಡಿಕೆಗೆ ಒಳ್ಳೆಯದು, ಲಿವರಿಗೆ ತೊಂದರೆ ಕೊಡುವುದಿಲ್ಲ, ಕಿಡ್ನಿ ಸರಿಯಿರಬೇಕು. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ, ಇರುವವರಿಗೆ ಬ್ಯಾಕ್ಲೋಫೆನ್ ಕೊಡುವುದುಂಟು. ಇವು ಯಾವುವೂ ಹದಿನೈದು ದಿನದ ಕೋರ್ಸಲ್ಲ, ಆರು ತಿಂಗಳಿಂದ ಒಂದು ವರ್ಷ. ‘ಒಂದು ಚಟ ಬಿಡಿಸಲು ಇನ್ನೊಂದು ಮಾತ್ರೆಯ ಚಟ’ ಎಂಬ ಆಕ್ಷೇಪ ಬಂದರೆ, ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎರಡೂ ಅಮಲು ತರುವಂಥವಲ್ಲ ಎಂದು ಹೇಳಬಹುದು. ನನ್ನ ಮಟ್ಟಿಗೆ ನಿಮ್ಮ ಯಜಮಾನರಿಗೆ ವೈದ್ಯರ ಬಳಿ ಮೊದಲು ಚರ್ಚಿಸಬೇಕಾದದ್ದು ಇವು, ಡೈಸಲ್ಫಿರಾಂ ಆಮೇಲೆ.

ರಿಹ್ಯಾಬ್ ವಿಚಾರಕ್ಕೆ ಬಂದರೆ, ಆ ಹೆಸರಿನಲ್ಲಿ ಬಹಳ ಬೇರೆ ಬೇರೆ ಥರದ ಜಾಗಗಳಿವೆ. ನಿಮಗೆ ಹತ್ತಿರದಲ್ಲಿ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ ಇದೆ. ಹೆಚ್ಚಿನದು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತಿರಬಹುದು. ಅದರ ಬಲ ಇರುವುದು ಒಂದೇ ಊರಿನ ಹತ್ತಾರು ಜನ ಒಟ್ಟಿಗೆ ಬಿಡುವುದರಲ್ಲಿ, ಆಮೇಲೆ ನವಜೀವನ ಸಮಿತಿ ಎಂದು ಸೇರುತ್ತಿರುವುದರಲ್ಲಿ. ಫಿಟ್ಸ್ ಬಂದಿರುವ ನಿಮ್ಮ ಯಜಮಾನರನ್ನು ನೇರ ಶಿಬಿರಕ್ಕೆ ಕಳಿಸಬೇಡಿ. ಮೊದಲು ಆಸ್ಪತ್ರೆಯ ವಾರ, ಆಮೇಲೆ ಬೇಕಾದರೆ ಶಿಬಿರ, ಸಮಿತಿ, ಇಲ್ಲವೆ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ.

ಖಾಸಗಿ ಕೇಂದ್ರವಾದರೆ ದುಡ್ಡು ಕಟ್ಟುವ ಮೊದಲು ನಾಲ್ಕು ವಿಷಯ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದ ನೋಂದಣಿ ಪತ್ರ ಗೋಡೆಯ ಮೇಲಿದೆಯೆ? ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೆ? ನೀವು ಫೋನಿನಲ್ಲಿ ಅವರ ಜೊತೆ ಮಾತಾಡಬಹುದೆ? ಯಾವಾಗ ಹೋದರೂ ಒಳಗೆ ಬಿಟ್ಟು ಕೋಣೆ ತೋರಿಸುತ್ತಾರೆಯೆ? ‘ಮೂರು ತಿಂಗಳು ಮುಖ ನೋಡುವಂತಿಲ್ಲ’ ಎನ್ನುವ ಕಡೆ, ನಾಲ್ಕು ಆಳು ಕಳಿಸಿ ವ್ಯಾನಿನಲ್ಲಿ ಎತ್ತಿಹಾಕಿಕೊಂಡು ಹೋಗುತ್ತೇವೆ ಎನ್ನುವ ಕಡೆ ಹೋಗಬೇಡಿ. ಸರಪಳಿ ಹಾಕುವುದನ್ನು ಆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಒಪ್ಪದವರನ್ನು ಸೇರಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ, ಆದರೆ ಅದಕ್ಕೆ ತಮಗೋ ಇತರರಿಗೋ ಅಪಾಯ ಮಾಡುವ ಸ್ಥಿತಿ ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಮೂರು ತಿಂಗಳೇ ಕಷ್ಟದ್ದು. ನಡುಕ ಹೋಗಿರುತ್ತದೆ, ನಿದ್ದೆ ಬಂದಿರುವುದಿಲ್ಲ. ಸಿಡುಕು, ಬೇಸರ, ಯಾವುದರಲ್ಲೂ ರುಚಿ ಇಲ್ಲದಿರುವುದು ವಾರಗಟ್ಟಲೆ ಇರುತ್ತದೆ. ‘ಕುಡಿಯುತ್ತಿದ್ದಾಗಲೇ ಇದಕ್ಕಿಂತ ಚೆನ್ನಾಗಿದ್ದ’ ಎಂಬ ಮಾತು ಮನೆಯವರ ಬಾಯಿಂದಲೇ ಬರುತ್ತದೆ, ಆ ಮಾತನ್ನು ನುಂಗಿಕೊಳ್ಳಿ. ಸಂಜೆ ಆರರಿಂದ ಒಂಬತ್ತು ಗಂಟೆ ಮೊದಲಿನ ಬಾರಿನ ಹೊತ್ತು. ಆ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಊಟ, ಕೈಗೊಂದು ಕೆಲಸ, ಜೊತೆಗೊಬ್ಬರು ಇರುವಂತೆ ನೋಡಿ. ಹಸಿವಾದಾಗ ಆಸೆ ಜೋರಾಗುತ್ತದೆ. ಒಂದು ಸಲ ಎದ್ದ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಅಷ್ಟು ಹೊತ್ತು ಕಳೆದರೆ ಆಯಿತು. ಕೂಲಿ ಹಣ ಕೈಗೆ ಬರುವ ದಿನ, ಹಬ್ಬದ ಮರುದಿನದ ವರ್ಷತೊಡಕು, ಮದುವೆ ಮನೆ, ಸಾವಿನ ಮನೆ: ಜಾರುವುದು ಬಹುಪಾಲು ಇಂಥಲ್ಲಿ. ಈ ದಿನಗಳಿಗೆ ಏನು ಮಾಡಬೇಕೆಂದು ಮುಂಚೆಯೇ ಅವರ ಜೊತೆ ಕೂತು ಮಾತಾಡಿ. ಒಂದು ದಿನ ಜಾರಿದರೆ ಎಲ್ಲ ಮುಗಿಯಿತೆಂದು ಹೊಸದಾಗಿ ಆಣೆ ಹಾಕಿಸಬೇಡಿ, ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಂದು ವಾರ ಬಿಡದೆ ಕುಡಿದ ಮೇಲೆ ಮಾತ್ರ ಮತ್ತೆ ಮನೆಯಲ್ಲಿ ನಿಲ್ಲಿಸದೆ ಆಸ್ಪತ್ರೆಗೇ ಹೋಗಬೇಕು. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ರಕ್ತವಾಂತಿ ಅಥವಾ ಟಾರಿನಂಥ ಕಪ್ಪು ಮಲ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯುವಂತಿಲ್ಲ. ಕೊಬ್ಬು ಕಟ್ಟಿದ ಲಿವರಾದರೆ ಪೂರ್ತಿ ಬಿಟ್ಟ ಕೆಲವೇ ವಾರಗಳಲ್ಲಿ ತಿಳಿಯಾಗುತ್ತದೆ, ಸಿರೋಸಿಸ್ ಆಗಿದ್ದರೆ ಹಿಂದಕ್ಕೆ ಹೋಗದು, ಆದರೆ ಬಿಟ್ಟಷ್ಟು ದಿನ ಮುಂದೆ ಕೆಡುವುದು ನಿಧಾನವಾಗುತ್ತದೆ.

ಅವರು ‘ನನಗೇನೂ ಆಗಿಲ್ಲ, ಬರುವುದಿಲ್ಲ’ ಎಂದರೆ? ಕುಡಿದಿರುವಾಗ ಮಾತೆತ್ತಬೇಡಿ. ಬೆಳಗ್ಗೆ ಕೈ ನಡುಗುತ್ತಿರುವಾಗ, ಮಕ್ಕಳಿಲ್ಲದ ಹೊತ್ತಿನಲ್ಲಿ, ಕುಡುಕ ಎಂಬ ಪದ ಬಳಸದೆ, ‘ಈ ನಡುಕಕ್ಕೆ, ಫಿಟ್ಸಿಗೆ ಮದ್ದಿದೆಯಂತೆ, ತೋರಿಸಿಕೊಂಡು ಬರೋಣ’ ಎನ್ನಿ. ಕುಡಿತದ ಡಾಕ್ಟರಲ್ಲಿಗೆ ಬರದವರು ಫಿಟ್ಸಿನ ಡಾಕ್ಟರಲ್ಲಿಗೆ ಬರುತ್ತಾರೆ, ಕೆಲಸ ಅಲ್ಲಿಂದಲೂ ಶುರುವಾಗುತ್ತದೆ. ಆಗಲೂ ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನ ಮಾನಸಿಕ ಆರೋಗ್ಯದ ಕ್ಲಿನಿಕ್ ಮಂಗಳವಾರ ನಡೆಯುವ ಏರ್ಪಾಡಿದೆ, ನಿಮ್ಮಲ್ಲಿ ಯಾವ ವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಕುಡಿದು ಹೊಡೆಯುತ್ತಿದ್ದರೆ ಅದನ್ನು ಚಿಕಿತ್ಸೆ ಮುಗಿಯುವವರೆಗೆ ಸಹಿಸಬೇಕಾಗಿಲ್ಲ, ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಆಸ್ಪತ್ರೆಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಎಂಎಲ್, ಯಾವ ಮದ್ಯ, ಎಷ್ಟು ವರ್ಷದಿಂದ, ಕೊನೆಯದಾಗಿ ಕುಡಿದ ಹೊತ್ತು, ಫಿಟ್ಸ್ ಬಂದ ದಿನಾಂಕ, ಎಷ್ಟು ನಿಮಿಷ, ಗುರುತು ತಪ್ಪಿದ ರಾತ್ರಿ ಏನೇನಾಯಿತು, ಶುಗರ್, ಬಿಪಿ, ಬೇರೆ ಮಾತ್ರೆಗಳು, ಗುಟ್ಕಾ, ಬೀಡಿ, ಗಾಂಜಾ ಇದ್ದರೆ ಅದೂ, ತಲೆಗೆ ಬಿದ್ದ ಪೆಟ್ಟು, ತಾಯಿತದ ಜೊತೆ ಯಾರಾದರೂ ಪುಡಿ, ಕಷಾಯ ಕೊಟ್ಟಿದ್ದರೆ ಅದರ ಪೊಟ್ಟಣ. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಹಳೆಯ ಚೀಟಿಗಳು, ಕನಿಷ್ಠ ಒಂದು ವಾರ ಜೊತೆಗಿರಬಲ್ಲ ಒಬ್ಬರು ಬೇಕು. ಆ ಒಬ್ಬರು ಮೈದುನನೇ ಆದರೆ ಒಳ್ಳೆಯದು, ರಾತ್ರಿ ಎದ್ದು ಓಡಲು ಹೊರಟವರನ್ನು ಹಿಡಿದು ಕೂರಿಸುವುದು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ.